ಅಪರೂಪದ ಡಬ್ ರೆಗೇ ಎಲ್‌ಪಿಗಳು: ಒರಿಜಿನಲ್ ಹುಡುಕೋದಾ, ರೀಇಶ್ಯೂ ಸಾಕಾ?

ಕಲ್ಯಾಣ್ ಸ್ಲೋ
ನಮಸ್ಕಾರ. ಒಂದು ಅವಮಾನದ ಕಥೆ, ಕೊನೆಗೆ ಒಂದು ಪ್ರಶ್ನೆ.

ಆರು ವರ್ಷದಿಂದ ರೆಕಾರ್ಡ್ ಕೂಡಿಡುತ್ತಿದ್ದೇನೆ. ಎಲ್ಲರ ಹಾಗೆ ಬಾಬ್ ಮಾರ್ಲಿಯಿಂದ ಶುರು ಮಾಡಿದೆ, ಅಲ್ಲಿಂದ ಜಾರಿ ಡಬ್‌ನಲ್ಲಿ ಬಿದ್ದೆ, ಇನ್ನೂ ಎದ್ದಿಲ್ಲ. ಹೋದ ತಿಂಗಳು ಹೊರದೇಶದ ಒಬ್ಬ ಮಾರಾಟಗಾರನಿಂದ, ಮೆಲೋಡಿಕಾ (ಊದಿ ನುಡಿಸುವ ಪುಟ್ಟ ಕೀಬೋರ್ಡು) ನುಡಿಸುತ್ತಿದ್ದ ಆಗಸ್ಟಸ್ ಪಾಬ್ಲೋನ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ತರಿಸಿದೆ. 1976ರ ಆಲ್ಬಮ್. ‘ಜಮೈಕಾದ ಮೊದಲ ಪ್ರೆಸಿಂಗ್’ ಅಂತ ಬರೆದಿದ್ದ, ಅಂದರೆ ಆಗಲೇ ಅಲ್ಲೇ ಒತ್ತಿದ ಒರಿಜಿನಲ್ ಪ್ರತಿ. ಸಾಗಣೆ, ಸುಂಕ ಎಲ್ಲ ಸೇರಿ 14,000 ರೂಪಾಯಿ ಆಯಿತು. ಪಾರ್ಸೆಲ್ ಬಿಚ್ಚಿ ಕವರ್ ಸವರಿದೆ, ಮೂಸಿ ಕೂಡ ನೋಡಿದೆ. ಹಳೇ ಕಾಗದದ ವಾಸನೆ ಇರಲಿಲ್ಲ, ಆಗಲೇ ಹೊಟ್ಟೆಯಲ್ಲಿ ಏನೋ ಆಯಿತು. ತಿರುಗಿಸಿದರೆ ಹಿಂದೆ ಮೂಲೆಯಲ್ಲಿ ಬಾರ್‌ಕೋಡ್. 1976ರ ಕವರ್ ಮೇಲೆ ಬಾರ್‌ಕೋಡ್! ಅವನು ಹಾಕಿದ್ದು ಮುಂದಿನ ಕವರಿನ ಫೋಟೋ ಮಾತ್ರ, ನಾನೂ ಹಿಂದಿನದು ಕೇಳಿರಲಿಲ್ಲ. ಮನೆಯಲ್ಲಿ 1,400 ಅಂತ ಹೇಳಿದ್ದೇನೆ. ಒಂದು ಸೊನ್ನೆ ಹೋದರೇನು.

ಪ್ರಶ್ನೆ ಏನಂದರೆ, ನನ್ನ ಹತ್ತಿರ ಈಗ 22 ಡಬ್ ಎಲ್‌ಪಿ ಇವೆ, ಎಲ್ಲವೂ ರೀಇಶ್ಯೂ, ಅಂದರೆ ಎಷ್ಟೋ ವರ್ಷದ ಮೇಲೆ ಮತ್ತೆ ಒತ್ತಿದ್ದು (22ನೆಯದೂ ಹೌದು ಅಂತ ಈಗ ಗೊತ್ತಾಯಿತು). ಇನ್ನು ಮುಂದೆ ದುಡ್ಡು ಕೂಡಿಟ್ಟು ವರ್ಷಕ್ಕೆ ಒಂದೋ ಎರಡೋ ಒರಿಜಿನಲ್ ತಗೊಳ್ಳೋದಾ, ಅಥವಾ ಅದೇ ದುಡ್ಡಲ್ಲಿ ರೀಇಶ್ಯೂಗಳನ್ನೇ ಜಾಸ್ತಿ ಕೊಳ್ಳೋದಾ? ಮುಂಬೈ, ಪುಣೆ, ಗೋವಾ ಕಡೆ ಯಾರಿಗಾದರೂ ಡಬ್ ಸಿಕ್ಕಿದೆಯಾ?

ಮಾಟುಂಗಾ ಮಾಣಿ
ಬಾರ್‌ಕೋಡಾ! ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ನೋಡಿ, ಬಿಸ್ಕೆಟ್ ಪ್ಯಾಕೆಟ್ ಅಂತ ಬಂದರೂ ಬರಬಹುದು.

ದಾದರ್ ದಾಸಯ್ಯ
ಡಬ್ಬಿಂಗ್ ಬೇಡ ಅಂತ ಕನ್ನಡದವರು ದಶಕಗಟ್ಟಲೆ ಬೀದಿಗಿಳಿದು ಹೋರಾಡಿದ್ದಾರೆ. ಇಲ್ಲಿ ನೋಡಿದರೆ ಡಬ್ ಸಂಗ್ರಹ ಮಾಡುತ್ತೇವೆ ಅಂತ ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದೀರಿ. ಅದೂ ದುಡ್ಡು ಕೊಟ್ಟು.

ಕಲ್ಯಾಣ್ ಸ್ಲೋ
ದಾಸಯ್ಯನವರೇ, ಇದು ಸಿನಿಮಾ ಡಬ್ಬಿಂಗ್ ಅಲ್ಲ. ಜಮೈಕಾದ ಸಂಗೀತ.

ದಾದರ್ ದಾಸಯ್ಯ
ಜಮೈಕಾದಿಂದ ಮಾಡಿದರೂ ಡಬ್ಬಿಂಗ್ ಡಬ್ಬಿಂಗೇ.

ಥಾಣೆ ತರಲೆ
2015ರಲ್ಲೇ ಸ್ಪರ್ಧಾ ಆಯೋಗದ ಆದೇಶ ಬಂತಲ್ಲ ಅಂಕಲ್, ಈಗ ಯಾರು ಏನು ಬೇಕಾದರೂ ಡಬ್ ಮಾಡಬಹುದು.

ಕೋಥ್ರೂಡ್ ಅಕ್ಕ
ಆ ಜಗಳ ಇಲ್ಲಿ ಬೇಡ ಕಣ್ರಪ್ಪಾ, ಅದು ಶುರುವಾದರೆ ರೆಕಾರ್ಡ್ ವಿಷಯಕ್ಕೆ ವಾಪಸ್ ಬರೋದು ಮುಂದಿನ ವರ್ಷವೇ.

ಪುಣೆ ಪಾಟೀಲ
ದಾಸಯ್ಯನವರ ಸಲುವಾಗಿ ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದವರು ದಾಟಿ ಹೋಗಿರಿ.

1960ರ ದಶಕದ ಕೊನೆ. ಜಮೈಕಾದಲ್ಲಿ ಸೌಂಡ್ ಸಿಸ್ಟಮ್ ಅಂದರೆ ಆಳೆತ್ತರದ ಸ್ಪೀಕರ್ ನಿಲ್ಲಿಸಿ ರಾತ್ರಿಯೆಲ್ಲ ರೆಕಾರ್ಡ್ ಹಾಕಿ ಜನರನ್ನು ಕುಣಿಸೋದು. ನಮ್ಮ ಪುಣೆಯ ಗಣಪತಿ ಪೆಂಡಾಲ್ ಅಂದುಕೊಳ್ಳಿರಿ, ಆದರೆ ವರ್ಷಪೂರ್ತಿ. ರಡ್ಡಿ ರೆಡ್‌ವುಡ್ ಅಂತ ಒಬ್ಬ ಅಂಥ ಸೌಂಡ್ ಸಿಸ್ಟಮ್ ಇಟ್ಟಿದ್ದ. ಅವನು ಟ್ರೆಷರ್ ಐಲ್ ಸ್ಟುಡಿಯೋಗೆ ಹೋಗಿ ‘ಆನ್ ದಿ ಬೀಚ್’ ಹಾಡಿನ ಒಂದು ಪ್ಲೇಟ್ ಕೊರೆಸಿಕೊಂಡ. ಇಂಜಿನಿಯರ್ ಬೈರನ್ ಸ್ಮಿತ್ ಹಾಡುವವರ ದನಿ ಸೇರಿಸೋದನ್ನೇ ಬಿಟ್ಟುಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ದುಡ್ಡು ವಾಪಸ್ ಕೇಳುತ್ತಿದ್ದರು. ರಡ್ಡಿ ಅದನ್ನೇ ಒಯ್ದು, ಮೊದಲು ದನಿ ಇರುವ ಹಾಡು, ಅದರ ಬೆನ್ನಿಗೇ ದನಿ ಇಲ್ಲದ್ದು ಹಾಕಿದ. ಜನ ತಾವೇ ಹಾಡತೊಡಗಿದರು. ಅಲ್ಲಿಂದ ‘ವರ್ಷನ್’ ಅನ್ನೋದು ಬೆಳೆಯಿತು, ಕಡೆಗೊಂದು ಹಾಡಿರುವ 7 ಇಂಚಿನ ಸಿಂಗಲ್ ರೆಕಾರ್ಡುಗಳ ಬಿ ಸೈಡ್‌ನಲ್ಲಿ ಅದೇ ಬರತೊಡಗಿತು.

ಅದನ್ನು ಕಲೆ ಮಾಡಿದವನು ಕಿಂಗ್ ಟಬ್ಬಿ. ನಿಜ ಹೆಸರು ಆಸ್‌ಬೋರ್ನ್ ರಡಕ್, ಕಸುಬು ರೇಡಿಯೋ, ಆಂಪ್ಲಿಫಯರ್ ರಿಪೇರಿ. ಮುಂಬೈಯವರಿಗೆ ಹೇಳೋದಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನ ಗಿರಾಕಿ. ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಬಡಾವಣೆಯಲ್ಲಿ, ಡ್ರೊಮಿಲಿ ಅವೆನ್ಯೂದ ಮನೆಯಲ್ಲೇ ಸ್ಟುಡಿಯೋ. ನಾಲ್ಕು ಟ್ರ್ಯಾಕಿನ ಟೇಪು, ಬೇರೆ ಸ್ಟುಡಿಯೋದವರು ಬಳಸಿ ಬಿಟ್ಟ ಮಿಕ್ಸರ್. ಬಾತ್‌ರೂಮನ್ನೇ ಹಾಡುವ ಕೋಣೆ ಮಾಡಿದ್ದ. ದನಿ ಎಳೆದು ತೆಗೆದ, ಗಿಟಾರಿನ ಒಂದು ಚೂರು ಬಿಟ್ಟು ಅದಕ್ಕೆ ಎಕೋ ಹಚ್ಚಿದ, ಬೇಸ್ ಮತ್ತು ಡ್ರಮ್ಮನ್ನು ನಡೆಯಲು ಬಿಟ್ಟ. ಮಿಕ್ಸರನ್ನೇ ವಾದ್ಯದ ಹಾಗೆ ನುಡಿಸಿದ. 1989ರಲ್ಲಿ ಮನೆ ಮುಂದೆಯೇ ಯಾರೋ ಗುಂಡು ಹೊಡೆದು ಕೊಂದರು.

ಈಗ ಕಲ್ಯಾಣದವರ ಪ್ರಶ್ನೆ. ಡಬ್ ಅಂದರೇನೇ ಇದ್ದ ಹಾಡಿನ ಇನ್ನೊಂದು ರೂಪ. ನೀವು ಬಾರ್‌ಕೋಡ್ ಸಮೇತ ಕೊಂಡಿರಲ್ಲ, ಅದರ ಹೆಸರಿನ ಹಾಡೇ ಜೇಕಬ್ ಮಿಲ್ಲರ್‌ನ ‘ಬೇಬಿ ಐ ಲವ್ ಯು ಸೋ’ದ ವರ್ಷನ್. ಒರಿಜಿನಲ್ಲೇ ಎರಡನೇ ಕೈ. ರೀಇಶ್ಯೂ ತಗೊಳ್ಳಿರಿ, ಕೇಳಿರಿ, ನಿಶ್ಚಿಂತೆಯಿಂದ ಮಲಗಿರಿ.

ಕಾರ್ಕಳ ಕಾಂದಿವಲಿ
ಪಾಟೀಲರೇ, ನಮಗೆ ಇದು ಹೊಸತಲ್ಲ ಮಾರಾಯ್ರೇ. ಯಕ್ಷಗಾನದಲ್ಲಿ ಭಾಗವತರು ಪದ ನಿಲ್ಲಿಸಿ ಬರೀ ಚೆಂಡೆ ಮದ್ದಳೆ ಉಳಿಯುವ ಹೊತ್ತು ಉಂಟಲ್ಲ, ಪದ ಬಾಯಲ್ಲಿ ಇಲ್ಲ, ಕಿವಿಯಲ್ಲಿ ಮಾತ್ರ ತಿರುಗುತ್ತಾ ಇರುತ್ತದೆ. ಸಣ್ಣವನಿದ್ದಾಗ ಆಟದ ಗದ್ದೆಯಿಂದ ಎರಡು ಮೈಲು ದೂರದ ಮನೆಯಲ್ಲಿ ಮಲಗಿ ಕೇಳುತ್ತಿದ್ದೆ. ಗಾಳಿ ಈ ಕಡೆ ಬಂದರೆ ಪದವೂ ಬರುತ್ತದೆ, ಆ ಕಡೆ ಹೋದರೆ ಬರೀ ಚೆಂಡೆ. ಟಬ್ಬಿ ಕೈಯಲ್ಲಿ ಮಾಡಿದ್ದನ್ನು ನಮಗೆ ಗಾಳಿ ಮಾಡಿ ಕೊಡುತ್ತಿತ್ತು.

ಮಾಟುಂಗಾ ಮಾಣಿ
ಶುರುವಾಯ್ತು. ಇನ್ನು ಹತ್ತು ನಿಮಿಷದಲ್ಲಿ ರೆಗೇ ಹುಟ್ಟಿದ್ದೇ ಉಡುಪಿಯಲ್ಲಿ ಅನ್ನುತ್ತಾರೆ.

ಗಿರಗಾಂವ್ ಗ್ರಾಮಫೋನ್
ಪಾಟೀಲರ ಮಾತು ಕೇಳೋಕೆ ಚೆಂದ, ಆದರೆ ಅರ್ಧ ತಪ್ಪು. 1990ರಿಂದ ಕೊಳ್ಳುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ.

ಡಬ್ ಅನ್ನೋದು ಒಂದು ಮಿಕ್ಸ್. ಆ ಮಿಕ್ಸ್ ಒಂದು ಮಧ್ಯಾಹ್ನ ಒಬ್ಬ ಮನುಷ್ಯನ ಬೆರಳಿನಲ್ಲಿ ಆಗಿಹೋಗಿರುತ್ತದೆ, ಇನ್ನೊಮ್ಮೆ ಹಾಗೇ ಬರೋದಿಲ್ಲ. ಅದರ ಮಾಸ್ಟರ್ ಟೇಪು, ಅಂದರೆ ಮೂಲ ಟೇಪು, ಎಷ್ಟೋ ಕಡೆ ಈಗ ಇಲ್ಲ. ಟೇಪು ದುಬಾರಿ, ಅಂತ ಅದರ ಮೇಲೇ ಇನ್ನೊಂದು ರೆಕಾರ್ಡ್ ಮಾಡುತ್ತಿದ್ದರು. ಜಮೈಕಾದ ಇನ್ನೊಬ್ಬ ಡಬ್ ನಿರ್ಮಾಪಕ ಲೀ ಪೆರಿಯ ಬ್ಲ್ಯಾಕ್ ಆರ್ಕ್ ಸ್ಟುಡಿಯೋ ಸುಟ್ಟೇ ಹೋಯಿತು, ಸುಟ್ಟಿದ್ದು ನಾನೇ ಅಂತ ಅವನೇ ಹೇಳಿಕೊಂಡಿದ್ದ. ಹಾಗಿದ್ದ ಮೇಲೆ ಕೆಲವು ರೀಇಶ್ಯೂಗಳನ್ನು ಯಾವುದರಿಂದ ಮಾಡುತ್ತಾರೆ ಅಂದುಕೊಂಡಿರಿ? ಹಳೇ ರೆಕಾರ್ಡನ್ನು ಪ್ಲೇಯರ್ ಮೇಲೆ ಹಾಕಿ ಅದರಿಂದ. ಅಂದರೆ ಫೋಟೋದ ಜೆರಾಕ್ಸ್.

ಇನ್ನೊಂದು. ಪೆರಿಯದೇ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ತಗೊಳ್ಳಿ. 1973ರದು, ಮೊದಲು ಜಮೈಕಾದಲ್ಲಿ 300 ಪ್ರತಿ ಮಾತ್ರ ಒತ್ತಿದ್ದು ಅಂತ ಪ್ರತೀತಿ. ಆಮೇಲೆ ಬೇರೆ ಬೇರೆ ಕಂಪನಿಗಳು ತಂದವುಗಳಲ್ಲಿ ಹಾಡುಗಳ ಪಟ್ಟಿಯೂ ಒಂದೇ ಇಲ್ಲ, ಮಿಕ್ಸೂ ಒಂದೇ ಇಲ್ಲ. ನೀವು ‘ಅದೇ ಆಲ್ಬಮ್’ ಅಂತ ಕೊಂಡು ಬೇರೆ ಆಲ್ಬಮ್ ಕೇಳುತ್ತಿರುತ್ತೀರಿ.

ಪುಣೆ ಪಾಟೀಲ
ಜಮೈಕಾ ಪ್ರೆಸಿಂಗ್ ಕೈಯಲ್ಲಿ ಹಿಡಿದು ನೋಡಿದ್ದೀರಾ ಸರ್? ಹಳೇ ರೆಕಾರ್ಡ್ ಕರಗಿಸಿ ಒತ್ತಿದ ಪ್ಲಾಸ್ಟಿಕ್ಕು. ಚುರ್ ಚುರ್ ಅನ್ನುತ್ತದೆ. ನಡುವಿನ ತೂತು ನಡುವೆ ಇರೋದಿಲ್ಲ. ಎ ಸೈಡ್ ಲೇಬಲ್ ಬಿ ಸೈಡಿಗೆ. ನನ್ನ ಹತ್ತಿರ ಒಂದು ಇದೆ, ಹಾಕಿದರೆ ಸೂಜಿ ಹಿಡಿದ ಟೋನ್‌ಆರ್ಮ್ ಎತ್ತಿನ ಗಾಡಿ ಹಾಗೆ ಓಲಾಡುತ್ತದೆ.

ಗಿರಗಾಂವ್ ಗ್ರಾಮಫೋನ್
ಓಲಾಡಲಿ. ಆ ಬೇಸ್ ಯಾವ ರೀಇಶ್ಯೂನಲ್ಲಿದೆ ತೋರಿಸಿ.

ಪುಣೆ ಪಾಟೀಲ
ಮ್ಯಾಂಚೆಸ್ಟರ್‌ನ ಬ್ಲಡ್ ಆಂಡ್ ಫೈರ್ ಕಂಪನಿಯವರು 90ರ ದಶಕದಲ್ಲಿ ತಂದ ಟಬ್ಬಿ ಸಂಗ್ರಹ ಕೇಳಿರಿ, ಆಮೇಲೆ ಮಾತಾಡೋಣ. ಟೇಪು ಹುಡುಕಿ, ಹಕ್ಕುದಾರರಿಗೆ ದುಡ್ಡು ಕೊಟ್ಟು, ನೆಟ್ಟಗೆ ಮಾಡಿದ್ದು. ಲಂಡನ್ನಿನ ಪ್ರೆಷರ್ ಸೌಂಡ್ಸ್ ಕೂಡ ಹಾಗೇ. ನ್ಯೂಯಾರ್ಕಿನ ವ್ಯಾಕೀಸ್ ಲೇಬಲ್ಲಿನ ಹಳೇ ರೆಕಾರ್ಡುಗಳನ್ನು ಬರ್ಲಿನ್‌ನವರು ಮತ್ತೆ ತಂದರು, ಅವು ಕೇಳಿದ್ದೀರಾ?

ಗಿರಗಾಂವ್ ಗ್ರಾಮಫೋನ್
ಬ್ಲಡ್ ಆಂಡ್ ಫೈರ್ ಒಪ್ಪಿದೆ. ಅವರು ಅಂಗಡಿ ಮುಚ್ಚಿದ ಮೇಲೆ ಆ ರೀಇಶ್ಯೂಗಳೇ ಈಗ ಅಪರೂಪ ಆಗಿವೆ, ಅದನ್ನೂ ಹೇಳಿ.

ಥಾಣೆ ತರಲೆ
ನಾನು ಡಬ್ ಕೇಳಿದ್ದು ವಿಡಿಯೋ ಗೇಮಿನಲ್ಲಿ. 2001ರ ಜಿಟಿಎ 3ರಲ್ಲಿ ಕದ್ದ ಕಾರು ಹತ್ತಿ ರೇಡಿಯೋ ತಿರುಗಿಸಿದರೆ ಕೆ-ಜಾ ಅಂತ ಒಂದು ಸ್ಟೇಷನ್. ಪೊಲೀಸರು ಬೆನ್ನು ಹತ್ತಿದ್ದರೂ ಗಾಡಿ ನಿಲ್ಲಿಸಿ ಕೇಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅದು ಸೈಂಟಿಸ್ಟ್ ಅನ್ನೋ ಹೆಸರಿನ ಇಂಜಿನಿಯರ್ 1981ರಲ್ಲಿ ಮಾಡಿದ ರಕ್ತಪಿಶಾಚಿಗಳ ಆಲ್ಬಮ್ ಅಂತ. ಅವನು ಟಬ್ಬಿಯ ಶಿಷ್ಯ. ಕವರ್ ಮೇಲೆ ಕಾಮಿಕ್ಸ್ ಥರ ದೆವ್ವಗಳು. ನನ್ನ ಮೊದಲ ಎಲ್‌ಪಿ ಅದೇ, ರೀಇಶ್ಯೂ, ನಾಚಿಕೆ ಏನಿಲ್ಲ.

ಕೋಥ್ರೂಡ್ ಅಕ್ಕ
ಇವರಿಬ್ಬರ ಕುಸ್ತಿ ನಡೆಯಲಿ, ಕಲ್ಯಾಣದವರಿಗೆ ಕೆಲಸಕ್ಕೆ ಬರೋದು ಹೇಳುತ್ತೇನೆ.

ಕೊಳ್ಳೋ ಮೊದಲು ನಾಲ್ಕು ಫೋಟೋ ಕೇಳಿ. ಹಿಂದಿನ ಕವರು, ಎರಡೂ ಲೇಬಲ್ಲು, ಮತ್ತೆ ಲೇಬಲ್ ಸುತ್ತ ಹಾಡಿಲ್ಲದ ನುಣುಪು ಜಾಗ ಇರುತ್ತದಲ್ಲ, ಅಲ್ಲಿ ಗೀಚಿದ ನಂಬರು. ಜಮೈಕಾದ ಹಳೇ ರೆಕಾರ್ಡುಗಳಲ್ಲಿ ಅದು ಎಷ್ಟೋ ಸಲ ಕೈಬರಹ. ಆ ನಂಬರನ್ನು ಡಿಸ್ಕಾಗ್ಸ್ ಅನ್ನೋ ರೆಕಾರ್ಡ್ ವೆಬ್‌ಸೈಟ್‌ನಲ್ಲಿರುವ ಪ್ರೆಸಿಂಗ್ ವಿವರದ ಜೊತೆ ತಾಳೆ ನೋಡಿ. ಫೋಟೋ ಕಳಿಸೋಕೆ ಸತಾಯಿಸಿದರೆ ಬಿಟ್ಟುಬಿಡಿ.

ಪ್ಯಾಕಿಂಗ್ ಮಾಡುವಾಗ ರೆಕಾರ್ಡನ್ನು ಕವರಿನಿಂದ ಹೊರಗೆ ತೆಗೆದು, ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಳಿಸೋಕೆ ಹೇಳಿ. ಒಳಗೇ ಇದ್ದರೆ ದಾರಿಯಲ್ಲಿ ಅಲ್ಲಾಡಿ ಕವರಿನ ಅಂಚು ಸೀಳಿಬಿಡುತ್ತದೆ. ಇದನ್ನು ಕಲಿಯೋಕೆ ನನಗೆ ಮೂರು ಕವರ್ ಬೇಕಾಯಿತು.

ಮತ್ತೆ ಮಳೆಗಾಲ. ಮುಂಬೈಯವರು ಡಬ್ ಡಬ್ ಅಂತ ಕೂತಿದ್ದೀರಿ, ಜುಲೈನಲ್ಲಿ ಕಪಾಟು ತೆಗೆದು ನೋಡಿ, ರೆಕಾರ್ಡ್ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ. ನಾನು ಮಾಡೋದು ಹೀಗೆ. ಸ್ಟೀಲ್ ಡಬ್ಬಿಯ ಎರಡು ಮುಚ್ಚಳ ತಗೊಂಡು ಲೇಬಲ್ಲಿನ ಎರಡೂ ಬದಿಗೆ ಒತ್ತಿ ಹಿಡಿಯೋದು, ನೀರು ಲೇಬಲ್ಲಿಗೆ ಹೋಗಬಾರದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಒಂದೇ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಮೆತ್ತನೆ ಬ್ರಶ್ಶು, ಗೆರೆ ಹೋದ ದಿಕ್ಕಿನಲ್ಲೇ ಸುತ್ತ, ಅಡ್ಡ ಉಜ್ಜಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್. ತಟ್ಟೆ ಸ್ಟ್ಯಾಂಡಿನಲ್ಲಿ ಒಣಗೋಕೆ ನಿಲ್ಲಿಸೋದು. ಅತ್ತೆಗೆ ಅದೊಂದೇ ಸಿಟ್ಟು, ಊಟದ ತಟ್ಟೆ ಎಲ್ಲಿಡಲಿ ಅಂತ.

ಮಾಟುಂಗಾ ಮಾಣಿ
ಅಷ್ಟೆಲ್ಲ ಯಾಕೆ ಅಕ್ಕ, ಸ್ಪಿರಿಟ್ ಹಾಕಿ ಒರೆಸಿದರೆ ಆಯ್ತಲ್ಲ. ನಮ್ಮ ತಾತನ 78ರ ಪ್ಲೇಟ್‌ಗಳಿಗೆ ನಾನು ಅದೇ ಮಾಡುತ್ತೇನೆ.

ಕೋಥ್ರೂಡ್ ಅಕ್ಕ
ಅಯ್ಯೋ ಮಾಣಿ, ಈಗಲೇ ನಿಲ್ಲಿಸು! 78ರ ಪ್ಲೇಟ್ ಅರಗಿನದು. ಸ್ಪಿರಿಟ್‌ಗೆ ಅರಗು ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡೋದು ಇನ್ನು ಹೇಗೆ ಅಂದುಕೊಂಡೆ? ಎಲ್‌ಪಿ ವಿನೈಲ್, ಅದು ಬೇರೆ.

ಮಾಟುಂಗಾ ಮಾಣಿ
...ಅದಕ್ಕೇ ಬಟ್ಟೆ ಕಪ್ಪಾಗುತ್ತಿತ್ತಾ. ನಾನು ಕೊಳೆ ಅಂದುಕೊಂಡಿದ್ದೆ.

ಗಿರಗಾಂವ್ ಗ್ರಾಮಫೋನ್
ಯಾವ ಪ್ಲೇಟ್‌ಗಳು ಮಾಣಿ? ಒಂದು ಸಲ ತೋರಿಸಿ. ಉಳಿದಿದ್ದರೆ.

ವಾಸ್ಕೋ ವೆಂಕಿ
ಗೋವಾದ ವರದಿ. ನಮ್ಮ ಮನೆಯವರು ಬಾಗಲಕೋಟೆಯಿಂದ ಇಲ್ಲಿಗೆ ಬಂದವರು, ನಾನು ಹುಟ್ಟಿದ್ದೇ ವಾಸ್ಕೋದಲ್ಲಿ. ಎಲ್ಲರೂ ಗೋವಾ ಅಂದರೆ ಬೀಚ್ ತುಂಬ ರೆಗೇ ಅಂದುಕೊಂಡು ಬರುತ್ತಾರೆ. ಬಾಬ್ ಮಾರ್ಲಿ ಇರೋದು ಬನಿಯನ್ ಮೇಲೆ. 2016ರಿಂದ ಗೋವಾ ಸನ್‌ಸ್ಪ್ಲ್ಯಾಶ್ ಅಂತ ರೆಗೇ ಹಬ್ಬ ಶುರುವಾಯಿತು, ದಿಲ್ಲಿಯ ರೆಗೇ ರಾಜಾಸ್ ಹುಡುಗರು ಮಾಡಿದ್ದು. ಅಲ್ಲಿ ದೊಡ್ಡ ಸೌಂಡ್ ಸಿಸ್ಟಮ್ ಮುಂದೆ ನಿಂತು ಡಬ್ ಕೇಳಿದ ಮೇಲೆ ನನಗೆ ಇಯರ್‌ಫೋನಿನಲ್ಲಿ ಕೇಳೋದೇ ಬೇಜಾರಾಗಿದೆ. ಬೇಸ್ ಕಿವಿಗೆ ಬರೋದಲ್ಲ ಅದು, ಪ್ಯಾಂಟಿನ ಕಾಲು ಪಟಪಟ ಅನ್ನುತ್ತದೆ.

ರೆಕಾರ್ಡ್ ಸಿಗೋದು ಅಪರೂಪ. ಅಂಜುನಾದ ಬುಧವಾರದ ಸಂತೆಯಲ್ಲಿ ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿದ್ದು ಒಂದೇ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಮುದುಕ ಸಾಮಾನು ಹರಡಿಕೊಂಡು ಕೂತಿದ್ದ. ಟೀ ಕೆಟಲ್, ಸೊಳ್ಳೆಪರದೆ, ಅದರ ಕೆಳಗೆ ಒಂದು 7 ಇಂಚಿನ ರೆಕಾರ್ಡ್. ಲೇಬಲ್ ಖಾಲಿ, ಬರೀ ಬಿಳಿ ಕಾಗದ. 200 ರೂಪಾಯಿ ಕೊಟ್ಟೆ. ನಡುವಿನ ತೂತು ದೊಡ್ಡದು, ನನ್ನ ಪ್ಲೇಯರಿಗೆ ಕೂರಲಿಲ್ಲ. ಕೊಬ್ಬರಿ ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ ತೂತು ಹಾಕಿ ಅಡಾಪ್ಟರ್ ಮಾಡಿದೆ. ಒಂದು ಕಡೆ ಯಾರೋ ಮೆಲೋಡಿಕಾ ಊದುತ್ತಾರೆ, ಇನ್ನೊಂದು ಕಡೆ ಅದರದೇ ಡಬ್. ಸ್ವಲ್ಪ ಓಲಾಡುತ್ತದೆ. ರೆಕಾರ್ಡಿನ ತೂತು ಸೊಟ್ಟವೋ, ನನ್ನ ಮೊಳೆ ಸೊಟ್ಟವೋ ಗೊತ್ತಿಲ್ಲ.

ಗಿರಗಾಂವ್ ಗ್ರಾಮಫೋನ್
ನಿಲ್ಲಿ ನಿಲ್ಲಿ. ಖಾಲಿ ಲೇಬಲ್, ಪಾಬ್ಲೋನ ಥರ ಮೆಲೋಡಿಕಾ? ನುಣುಪು ಜಾಗದಲ್ಲಿ ಏನು ಗೀಚಿದೆ? ಅಂಗಡಿಗೆ ಬರೋ ಮೊದಲು ಹೀಗೆ ಖಾಲಿ ಲೇಬಲ್ ಹಾಕಿ ಸ್ವಲ್ಪ ಪ್ರತಿ ಬಿಡುತ್ತಿದ್ದರು, ಪ್ರಿ-ರಿಲೀಸ್ ಅಂತ. ಮಾರುತ್ತೀರಾ? ಅಡಾಪ್ಟರ್ ಬೇಡ.

ವಾಸ್ಕೋ ವೆಂಕಿ
ಇಲ್ಲ ಸರ್, ನನಗೆ ಗೋವಾದಲ್ಲಿ ಸಿಕ್ಕಿರೋದೇ ಅದೊಂದು.

ಗಿರಗಾಂವ್ ಗ್ರಾಮಫೋನ್
3,000?

ಪುಣೆ ಪಾಟೀಲ
ನೋಡಿರಿ, ಯಾವ ಹಾಡು, ಯಾರು ನುಡಿಸಿದ್ದು ಏನೂ ಗೊತ್ತಿಲ್ಲ, ರೇಟು ಕೂಗಲು ಶುರು. ಇದಕ್ಕೇ ನಾನು ಒರಿಜಿನಲ್ ಹುಚ್ಚು ಅನ್ನೋದು.

ಕಾರ್ಕಳ ಕಾಂದಿವಲಿ
ವಿಷಯ ಬಿಟ್ಟು ಒಂದು ಮಾತು. ಜಮೈಕಾದಲ್ಲಿ ‘ಗಾಂಜಾ’ ಅನ್ನುವ ಪದ ಹೋದದ್ದು ನಮ್ಮವರಿಂದ. 1845ರಲ್ಲಿ ಕಬ್ಬಿನ ತೋಟದ ಕೂಲಿಗೆ ಮೊದಲ ಹಡಗಿನಲ್ಲಿ ಭಾರತದವರನ್ನು ಕರೆದುಕೊಂಡು ಹೋದರು, ಅವರ ಜೊತೆ ಪದವೂ ಹೋಯಿತು. ಚಿಲ್ಲಂ ಕೂಡ.

ಮಾಟುಂಗಾ ಮಾಣಿ
ಉಡುಪಿಗೆ ಇನ್ನು ಎರಡೇ ಸ್ಟಾಪ್.

ಕಲ್ಯಾಣ್ ಸ್ಲೋ
ಚೋರ್ ಬಜಾರ್ ಬಗ್ಗೆ ಯಾರೂ ಹೇಳಲಿಲ್ಲ. ಮಟನ್ ಸ್ಟ್ರೀಟ್‌ನಲ್ಲಿ ಮೂರು ಭಾನುವಾರ ಸುತ್ತಿದೆ. ಹಿಂದಿ ಸಿನಿಮಾ, ಗಜಲ್, ಬೋನಿ ಎಂ ರಾಶಿ ರಾಶಿ. ರೆಗೇ ಅಂದರೆ ‘ರಫಿ?’ ಅಂತ ಕೇಳುತ್ತಾರೆ.

ಗಿರಗಾಂವ್ ಗ್ರಾಮಫೋನ್
ಅಲ್ಲಿ ಸಿಗೋದಿಲ್ಲ, ಯಾಕಂದರೆ ಇಲ್ಲಿಗೆ ಬಂದೇ ಇರಲಿಲ್ಲ. ಕಾಲಾ ಘೋಡಾದ ರಿದಮ್ ಹೌಸ್ ಇದ್ದಾಗಲೂ ಡಬ್ ಕೇಳಿದರೆ ಯುಬಿ40 ಬ್ಯಾಂಡಿನ ಕ್ಯಾಸೆಟ್ ತೋರಿಸುತ್ತಿದ್ದರು, ಅದಕ್ಕಿಂತ ಮುಂದೆ ನಮಗೂ ಗೊತ್ತಿರಲಿಲ್ಲ ಬಿಡಿ. ಅದೂ 2016ರಲ್ಲಿ ಮುಚ್ಚಿತು. ನನ್ನ ಮೊದಲ ಒರಿಜಿನಲ್‌ಗಳನ್ನು ತಂದವನು ನಮ್ಮ ಚಾಳಿನ ಒಬ್ಬ ಹಡಗಿನ ಕೆಲಸಗಾರ. ಲಂಡನ್‌ಗೆ ಹೋದಾಗ ಏನಾದರೂ ತಾ ಅಂದರೆ, ನಾನು ಚೀಟಿ ಬರೆದುಕೊಟ್ಟಿದ್ದೆ, ಅವನು ಚೀಟಿ ಕಳೆದುಕೊಂಡು ಅಂಗಡಿಯಲ್ಲಿ ‘ಹಾಡೋದಿಲ್ಲವಲ್ಲ, ಆ ರೆಗೇ’ ಅಂತ ಕೇಳಿ ಎರಡು ತಂದ. ಅದರಲ್ಲಿ ಒಂದು ಕೀತ್ ಹಡ್ಸನ್‌ನ ‘ಪಿಕ್ ಎ ಡಬ್’, 1974ರದು. ಈಗಲೂ ಅದನ್ನು ಯಾರ ಕೈಗೂ ಕೊಡೋದಿಲ್ಲ.

ಪುಣೆ ಪಾಟೀಲ
ಈಗ ಗೊತ್ತಾಯಿತು, ನಿಮ್ಮ ಜಗಳ ಬೇಸ್‌ದಲ್ಲ, ಆ ಹಡಗಿನವನದು.

ಗಿರಗಾಂವ್ ಗ್ರಾಮಫೋನ್
ಇರಬಹುದು.

ಕಲ್ಯಾಣದವರೇ, ಎಲ್‌ಪಿ ಬಿಟ್ಟು ಒರಿಜಿನಲ್ 7 ಇಂಚಿಗೆ ಹೋಗಿ. ಎಲ್‌ಪಿಯ ಬೆಲೆ ಗಗನದಲ್ಲಿದೆ. ಸಿಂಗಲ್‌ಗಳಲ್ಲಿ ಎ ಸೈಡ್ ಹಾಡು, ಬಿ ಸೈಡ್ ಅದರ ವರ್ಷನ್, ಡಬ್ ಹುಟ್ಟಿದ್ದೇ ಅಲ್ಲಿ. ಎಲ್‌ಪಿ ಆಮೇಲೆ ಬಂದದ್ದು. ಹೆಸರುವಾಸಿ ಅಲ್ಲದ ಸಿಂಗಲ್ ಈಗಲೂ ಕೈಗೆಟುಕುತ್ತದೆ. 12 ಇಂಚಿನ ಡಿಸ್ಕೋ ಮಿಕ್ಸ್ ಸಿಕ್ಕರೆ ಇನ್ನೂ ಒಳ್ಳೇದು, ಹಾಡು ಮುಗಿಯುತ್ತಿದ್ದ ಹಾಗೆ ಅದೇ ಗೆರೆಯಲ್ಲಿ ಡಬ್ ಶುರು.

ಪುಣೆ ಪಾಟೀಲ
ಇದಕ್ಕೆ ನಾನೂ ಸಹಿ. ಎಲ್‌ಪಿ ರೀಇಶ್ಯೂ, ಸಿಂಗಲ್ ಒರಿಜಿನಲ್. ಆದರೆ ರೆಕಾರ್ಡ್ ಎಷ್ಟು ಚೆನ್ನಾಗಿದೆ ಅಂತ ಮಾರುವವರು ಗ್ರೇಡ್ ಹಾಕುತ್ತಾರಲ್ಲ, ಅದರಲ್ಲಿ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಅಂತ ಬರೆದಿದ್ದರೆ ವಿಜಿ ಅಂದುಕೊಂಡೇ ಕೊಳ್ಳಿರಿ, ವಿಜಿ ಅಂದರೆ ಕೊಡೆ ಹಿಡಿದು ಕೇಳುವಷ್ಟು ಮಳೆ ಸದ್ದು.

ಥಾಣೆ ತರಲೆ
ನಮ್ಮ ಸೊಸೈಟಿ ಸೆಕ್ರೆಟರಿ ಬಾಗಿಲು ಬಡಿದು ‘ಪಂಪ್ ಕೆಟ್ಟಿದೆಯಾ’ ಅಂತ ಕೇಳಿದ್ದರು. ಪಂಪ್ ಅಲ್ಲ ಸರ್, ರಾಬಿ ಶೇಕ್ಸ್‌ಪಿಯರ್‌ನ ಬೇಸ್.

ಕಲ್ಯಾಣ್ ಸ್ಲೋ
ಸರಿ, ಈ ವರ್ಷ 7 ಇಂಚು. ವೆಂಕಿ, ಆ ಮುಚ್ಚಳ ಯಾವ ಎಣ್ಣೆ ಬಾಟಲಿದು, ಸೈಜ್ ಹೇಳಿ. ಬಾರ್‌ಕೋಡ್ ಎಲ್‌ಪಿ ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಚೆನ್ನಾಗಿದೆ, ಸುಮ್ನೆ ಹೇಳಬೇಕಾ. 14,000ಕ್ಕೆ ಅಲ್ಲ.

ದಾದರ್ ದಾಸಯ್ಯ
ಪಾಟೀಲರು ಅಷ್ಟು ಬರೆದಿದ್ದಾರಲ್ಲ ಅಂತ ಮೊಮ್ಮಗನ ಫೋನಿನಲ್ಲಿ ಆ ಟಬ್ಬಿಯದು ಹಾಕಿಸಿದೆ. ಹಾಡೋನು ಎಲ್ಲಿ?

ಪುಣೆ ಪಾಟೀಲ
ಸ್ವಲ್ಪ ತಡೀರಿ, ನಡುವೆ ಬರುತ್ತಾನೆ.

ದಾದರ್ ದಾಸಯ್ಯ
ಬಂದ. ಅರ್ಧ ಮಾತು ಆಡಿದ, ಬಾವಿಯಲ್ಲಿ ಬಿದ್ದವನ ಹಾಗೆ ದನಿ ದೂರ ಹೋಯಿತು. ಮತ್ತೆ ಬರುತ್ತಾನಾ?

ಪುಣೆ ಪಾಟೀಲ
ಹೇಳೋಕಾಗಲ್ಲ.

ದಾದರ್ ದಾಸಯ್ಯ
ಕಾಯುತ್ತಿದ್ದೇನೆ.